ಮನೆ ಹತ್ರದ ಲೀಗಲ್ ಗಾಂಜಾ ಅಂಗಡಿ, ಸ್ಕಾರ್ಬರೋ: ಎರಡು ವರ್ಷ ಹೋದವನ ರಿವ್ಯೂ

ಅಂಗಡಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಕಡೆ ನಮ್ಮ ಕನ್ನಡದವರು ಸುಮಾರು ಜನ ಇದಾರೆ, ಊರಲ್ಲಿರೋ ಅಪ್ಪನ ಕಿವಿಗೆ ಬೀಳೋಕೆ ಒಂದು ವಾಟ್ಸಾಪ್ ಮೆಸೇಜ್ ಸಾಕು. ಟೊರೊಂಟೋ ಪೂರ್ವಕ್ಕೆ ಸ್ಕಾರ್ಬರೋ, ಒಂದು ಪ್ಲಾಜಾ, ಪಕ್ಕದಲ್ಲಿ ಶ್ರೀಲಂಕಾ ತಮಿಳರ ದಿನಸಿ ಅಂಗಡಿ, ಅಷ್ಟು ಹೇಳ್ತೀನಿ. ಅಂಗಡಿಗೆ ನನ್ನ ಲೆಕ್ಕದಲ್ಲಿ 5ಕ್ಕೆ 4. ಒಳಗೆ ಮಾರೋ ಮಾಲಿಗೆ ಸ್ಟಾರ್ ಕೊಡೋಕೆ ನನ್ನ ಕೈಲಿ ಆಗಲ್ಲ, ಯಾಕೆ ಅಂತ ಬರೀತಾ ಹೋಗ್ತೀನಿ.

ಮೊದಲ ಸಲ ಹೋಗಿದ್ದು 2022ರ ನವೆಂಬರ್. ಕೆಲಸ ಮುಗಿಸಿ ಬಂದು ಪಾರ್ಕಿಂಗಲ್ಲಿ ಹೀಟರ್ ಹಾಕ್ಕೊಂಡು ಅರ್ಧ ಗಂಟೆ ಕಾರಲ್ಲೇ ಕೂತಿದ್ದೆ. ಕಾನೂನಿನ ಭಯ ಏನಿರಲಿಲ್ಲ, ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಇದು ಲೀಗಲ್, ನಮ್ಮ ಪ್ರಾಂತ್ಯ ಒಂಟಾರಿಯೋದಲ್ಲಿ 19 ತುಂಬಿದ್ರೆ ಸಾಕು, ಒಣಗಿದ್ದು 30 ಗ್ರಾಂ ತನಕ ಜೊತೇಲಿಟ್ಕೊಂಡು ಓಡಾಡಬಹುದು. ನನಗಾಗ 34. ಅಂಗಡಿ ಗಾಜಿಗೆಲ್ಲ ಬಿಳಿ ಸ್ಟಿಕ್ಕರ್ ಅಂಟಿಸಿದ್ರು, ಒಳಗಿನ ಮಾಲು ಹೊರಗೆ ಕಾಣಬಾರದು ಅನ್ನೋದು ಆಗಿನ ರೂಲ್ಸು. ಆ ಬಿಳಿ ಗಾಜನ್ನೇ ನೋಡ್ತಾ ಕೂತಿದ್ದೆ, ಊರಲ್ಲಿ ಸಾರಾಯಿ ಅಂಗಡಿ ದಾಟುವಾಗ ಅಜ್ಜಿ "ಆ ಕಡೆ ನೋಡ್ಬೇಡ ಮಗಾ" ಅಂತ ನನ್ನ ಮುಖಕ್ಕೆ ಸೆರಗು ಹಿಡೀತಿದ್ದಿದ್ದು ನೆನಪಾಯ್ತು.

ನಾನು ಬೆಳೆದ ಮನೆ ಎಂಥದ್ದು ಅಂತ ಹೇಳದೇ ಇದ್ರೆ ಮುಂದಿಂದು ಅರ್ಥ ಆಗಲ್ಲ. ಶಿವಮೊಗ್ಗ ಜಿಲ್ಲೆ, ಮಾಧ್ವರು. ಏಕಾದಶಿ ಅಂದ್ರೆ ದೊಡ್ಡವರಿಗೆ ತೊಟ್ಟು ನೀರೂ ಇಲ್ಲ, ಮಾರನೇ ದಿನ ಬೆಳಗ್ಗೆ ಬೇಗ ಪಾರಣೆ. ಈರುಳ್ಳಿ ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದಿಲ್ಲ. ಚಾತುರ್ಮಾಸ್ಯ ಬಂತು ಅಂದ್ರೆ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೇ ತಿಂಗಳು ಬೇಳೆಕಾಳಿಲ್ಲ. ಎಂಟು ವರ್ಷಕ್ಕೆ ಮುಂಜಿ ಆಯ್ತು, ಆ ವರ್ಷದ ಪ್ರಥಮ ಏಕಾದಶಿಗೆ ಅಪ್ಪ ಮುದ್ರೆ ಹಾಕಿಸೋಕೆ ಕರ್ಕೊಂಡು ಹೋದ್ರು. ಹೋಮದ ಬೆಂಕೀಲಿ ಕಾಯಿಸಿದ ಚಕ್ರ ಬಲತೋಳಿಗೆ, ಶಂಖ ಎಡತೋಳಿಗೆ. ಚುರ್ ಅಂತು, ಕೂದಲು ಸುಟ್ಟ ವಾಸನೆ ಬಂತು, ನಾನು ಅಳಲಿಲ್ಲ. ಅಪ್ಪ ತಲೆ ಮೇಲೆ ಕೈ ಇಟ್ರು ನೋಡಿ, ಅವತ್ತಿನಷ್ಟು ಖುಷಿ ನನಗೆ ಆಮೇಲೆ ಬಹಳ ಸಲ ಆಗಿಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನನ್ನ ಮೇಲೆ ಯಾರೂ ಹೇರಿದ್ದಲ್ಲ, ನಾನು ಪೂರ್ತಿ ನಂಬಿದ್ದೆ.

ಹದಿನಾರಕ್ಕೆ ಅದು ಬಿರುಕು ಬಿಡ್ತು. ಒಂದು ಮಠದಲ್ಲಿ ಆರಾಧನೆ, ಕ್ಲಾಸಲ್ಲಿ ಒಂದೇ ಬೆಂಚಲ್ಲಿ ಕೂರ್ತಿದ್ದ ಗೆಳೆಯನನ್ನ ಸೈಕಲ್ಲಲ್ಲಿ ಡಬಲ್ ಹೊಡ್ಕೊಂಡು ಊಟಕ್ಕೆ ಕರ್ಕೊಂಡು ಹೋಗಿದ್ದೆ. ಎಲೆ ಮುಂದೆ ಕೂತಾದ ಮೇಲೆ ಒಬ್ರು ಬಂದು ಬೇರೆ ಜಾತಿಯವನು ಅಂತ ಅವನನ್ನ ಎಬ್ಬಿಸಿ ಆಚೆ ಇನ್ನೊಂದು ಊಟದ ಹಾಲ್‌ಗೆ ಕಳಿಸಿದ್ರು. ಅವನು ಎದ್ದು ಹೋದ. ನಾನು ಏಳಲಿಲ್ಲ. ಕೂತು ಊಟ ಮಾಡ್ದೆ, ಹಯಗ್ರೀವ ಎರಡನೇ ಸಲ ಹಾಕಿಸ್ಕೊಂಡೆ. ವಾಪಸ್ ಬರ್ತಾ ದಾರಿ ಪೂರ್ತಿ ಅವನು ಒಂದು ಮಾತು ಆಡಲಿಲ್ಲ. ಆಮೇಲಿನ ಹತ್ತು ವರ್ಷದಲ್ಲಿ ಒಂದೊಂದೇ ಬಿಡ್ತಾ ಬಂದೆ, ಮೊದಲು ಏಕಾದಶಿ, ಆಮೇಲೆ ಸಂಧ್ಯಾವಂದನೆ, ಬೆಂಗಳೂರಲ್ಲಿ ಪಿಜೀಲಿದ್ದಾಗ ಒಂದಿನ ಜನಿವಾರ ತೆಗೆದು ಸೂಟ್‌ಕೇಸಿನ ಮೂಲೇಲಿ ಇಟ್ಟೆ. ದೇವರಿಲ್ಲ ಅಂತ ತಲೆಗೆ ಗೊತ್ತಾಯ್ತು, ಮೈಗೆ ಗೊತ್ತಾಗಲಿಲ್ಲ. ಸಂಜೆ ಆರೂವರೆ ಏಳು ಆಯ್ತು ಅಂದ್ರೆ ಏನೋ ಮಾಡೋದು ಬಾಕಿ ಇದೆ ಅನ್ನೋ ಥರ ಚಡಪಡಿಕೆ, ಅದು ಕೆನಡಾಗೆ ಬಂದ್ರೂ ಹೋಗಲಿಲ್ಲ.

ಆ ಚಡಪಡಿಕೆ ತಗೊಂಡೇ ಅಂಗಡಿ ಒಳಗೆ ಹೋಗಿದ್ದು. ಬಾಗಿಲಲ್ಲೇ ಐಡಿ ಕೇಳಿದ್ರು. ಒಳಗೆ ಮೊಬೈಲ್ ಶೋರೂಂ ಥರ ಲೈಟು, ಟಚ್‌ಸ್ಕ್ರೀನ್ ಮೆನು, ವಾಸನೆಯೇ ಇಲ್ಲ. ಕೌಂಟರಲ್ಲಿ ಐವತ್ತರ ಆಸುಪಾಸಿನ ಹೆಂಗಸು, ಈ ಅಂಗಡಿಯ ನಾಲ್ಕು ಸ್ಟಾರಲ್ಲಿ ಮೂರು ಅವರದ್ದೇ. ಇಲ್ಲಿ ಕೆಲಸ ಮಾಡೋಕೆ ಕ್ಯಾನ್‌ಸೆಲ್ ಅಂತ ಒಂದು ಟ್ರೈನಿಂಗ್ ಮುಗಿಸಲೇಬೇಕು, ಆದ್ರೆ ಇವರು ಮಾಡಿದ್ದು ಬರೀ ಟ್ರೈನಿಂಗಿಂದ ಬರೋದಲ್ಲ. ಮೊದಲನೇ ಸಲನಾ ಅಂದ್ರು, ಮನೇಲಿ ಯಾರಿಗಾದ್ರೂ ಸ್ಕಿಜೋಫ್ರೇನಿಯಾ ಥರ ಕಾಯಿಲೆ ಇತ್ತಾ ಅಂದ್ರು, ಇದ್ರೆ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ರು. ಬೇರೆ ಮಾತ್ರೆ ತಗೊಳ್ತಿದ್ರೆ ಡಾಕ್ಟರನ್ನ ಕೇಳ್ಕೊಂಡು ಬನ್ನಿ ಅಂದ್ರು. ನಾನು ಕೇಳಿದ್ದು ಒಂದೇ ಪ್ರಶ್ನೆ, ಗಮ್ಮೀಲಿ (ಗಾಂಜಾ ಹಾಕಿದ ಜೆಲ್ಲಿ ಮಿಠಾಯಿ) ಜೆಲಾಟಿನ್ ಇದೆಯಾ ಅಂತ. ದೇವರನ್ನ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಪ್ರಾಣಿ ಮೂಳೆಯಿಂದ ಬಂದಿದ್ದು ಬಾಯಿಗೆ ಹಾಕೋಕೆ ಮಾತ್ರ ಇವತ್ತಿಗೂ ಆಗಲ್ಲ. ಅವರು ಒಂದು ಮಾತು ಕೇಳದೆ ಡಬ್ಬಿ ತಿರುಗಿಸಿ ಪೆಕ್ಟಿನ್ (ಹಣ್ಣಿಂದ ತೆಗೆಯೋದು) ಅಂತ ಬರೆದಿರೋದನ್ನ ಬೆರಳಿಟ್ಟು ತೋರಿಸಿದ್ರು. (ಸಸ್ಯಾಹಾರಿಗಳು ಗಮನಿಸಿ, ಎಲ್ಲ ಬ್ರ್ಯಾಂಡೂ ಪೆಕ್ಟಿನ್ ಅಲ್ಲ, ಹಿಂದೆ ತಿರುಗಿಸಿ ಓದಿ.)

ತಿನ್ನೋ ಐಟಂ ಇಲ್ಲಿ ಒಂದು ಪ್ಯಾಕಿಗೆ 10 ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ನಶೆ ಏರಿಸೋ ಅಂಶ) ದಾಟೋ ಹಾಗಿಲ್ಲ, ನಾನು ತಗೊಂಡಿದ್ದು ಎರಡೂವರೆ ಮಿಲಿಗ್ರಾಂನ ನಾಲ್ಕು ಗಮ್ಮಿ ಇದ್ದ ಪ್ಯಾಕು. ಒಂದು ತಿನ್ನು, ಆ ಸಂಜೆಗೆ ಅಷ್ಟೇ, ಏನೂ ಆಗಲಿಲ್ಲ ಅಂದ್ರೂ ಇನ್ನೊಂದು ಮುಟ್ಟಬೇಡ ಅಂತ ಎರಡೆರಡು ಸಲ ಹೇಳಿದ್ರು. ಸೇದಿದ್ರೆ ನಿಮಿಷದಲ್ಲಿ ಗೊತ್ತಾಗುತ್ತೆ, ತಿಂದಿದ್ದು ಲಿವರ್ ಮೂಲಕ ಹೋಗ್ಬೇಕು, ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತೆ, ಪೂರ್ತಿ ಏರೋಕೆ ನಾಲ್ಕು ಗಂಟೆ, ಇಳಿಯೋಕೆ ಹನ್ನೆರಡು ಗಂಟೆ ತನಕ ಆಗಬಹುದು. ನಾನು ಮುಕ್ಕಾಲು ಗಂಟೆ ಕಾದೆ, ಏನೂ ಇಲ್ಲ ಅಂತ ಉಳಿದ ಮೂರೂ ತಿಂದೆ. ತಪ್ಪು ನಂದೇ.

ಒಂಬತ್ತೂವರೆ ಹೊತ್ತಿಗೆ ಎದೆ ಡವಡವ, ಗೋಡೆ ಗಡಿಯಾರದ ಸದ್ದು ತಲೆ ಒಳಗೆ. ಬಾತ್‌ರೂಂ ನೆಲದ ಮೇಲೆ ಕೂತೆ, ಟೈಲ್ಸ್ ತಣ್ಣಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯ್ತು, ನನ್ನ ಬಾಯಿ ಗಾಯತ್ರಿ ಹೇಳ್ತಾ ಇದೆ, ಬಲಗೈ ಹೆಬ್ಬೆರಳು ಬೆರಳಿನ ಗೆಣ್ಣು ಎಣಿಸ್ತಾ ಇದೆ. ಹನ್ನೆರಡು ವರ್ಷ ಆಗಿತ್ತು ಅದನ್ನ ಹೇಳಿ. ನಿಲ್ಲಿಸಬೇಕು ಅಂದ್ರೂ ನಿಲ್ಲಲಿಲ್ಲ, ನಿಲ್ಲಿಸೋಕೆ ಮನಸ್ಸೂ ಬರಲಿಲ್ಲ ಅನ್ನೋದು ನಿಜ. ಬೆಳಗ್ಗೆ ಎದ್ದಾಗ ನನಗಾದ ಅವಮಾನ ಅಷ್ಟಿಷ್ಟಲ್ಲ, ಅಷ್ಟು ಓದಿ, ಅಷ್ಟು ಯೋಚಿಸಿ ಬಿಟ್ಟಿದ್ದು ಹತ್ತು ಮಿಲಿಗ್ರಾಂಗೆ ವಾಪಸ್ ಬಂತಲ್ಲ ಅಂತ.

ಆಮೇಲೆ ಹುಷಾರಾಗಿ ತಗೊಂಡೆ, ಒಂದೇ ಒಂದು. ಒಳ್ಳೇದನ್ನ ಮುಚ್ಚಿಡಲ್ಲ, ಶುರುವಿನ ಎರಡು ಮೂರು ತಿಂಗಳು ಚೆನ್ನಾಗಿತ್ತು. ಸಂಜೆ ಏಳರ ಚಡಪಡಿಕೆ ನಿಂತೋಯ್ತು. ಬಿಸಿ ಅನ್ನಕ್ಕೆ ಸಾರು ಹಾಕ್ಕೊಂಡು ತಿಂದ್ರೆ ಅಮ್ಮನ ಅಡುಗೆಮನೆ ಪೂರ್ತಿ ಬಾಯಲ್ಲಿ. ಪಾಪ ಮಾಡ್ತಿದೀನಿ ಅಂತ ಒಳಗೊಂದು ದನಿ ಮೂವತ್ತು ವರ್ಷದಿಂದ ಮಾತಾಡ್ತಾನೇ ಇತ್ತಲ್ಲ, ಅದು ಮೊದಲ ಸಲ ಸುಮ್ಮನಾಯ್ತು. ಆಫೀಸಲ್ಲಿ ರಾಯಚೂರಿನ ಗೆಳೆಯ ಒಬ್ಬ ಇದಾನೆ, ಅವನಿಗೆ ಮಾತ್ರ ಹೇಳಿದ್ದೆ. ಅವನಂದ, "ಅದ್ಯಾಕ್ ಅಷ್ಟ್ ಅಂಜ್ತಿ, ಯಾದಗಿರಿ ಕಡಿ ತಿಂಥಣಿ ಮೌನೇಶ್ವರ ಗುಡಿ ಜಾತ್ರಿಗೆ ಗಾಂಜಾನ ಪ್ರಸಾದ ಅಂತ ಕೊಡ್ತಾರ." ಸುಳ್ಳು ಅಂದ್ಕೊಂಡೆ, ಆಮೇಲೆ ಪೇಪರಲ್ಲಿ ಬಂದಿದ್ದನ್ನ ತೋರಿಸಿದ. ಆರೂಢರು, ಅವಧೂತರು, ಶರಣರು ಅಂತ ಆ ಕಡೆ ಎಷ್ಟೋ ಪಂಥದಲ್ಲಿ ಧ್ಯಾನಕ್ಕೆ ಅಂತ ಸೇದೋರಿದಾರಂತೆ. ನಾನು ದೇವರ ಕೈಯಿಂದ ಬಿಡಿಸ್ಕೊಂಡೆ ಅನ್ನೋ ಗುರುತಿಗೆ ಹಿಡಿದಿದ್ದನ್ನ ನಮ್ಮ ರಾಜ್ಯದಲ್ಲೇ ಇನ್ನೊಬ್ಬರು ದೇವರ ಹತ್ರ ಹೋಗೋಕೆ ಹಿಡೀತಾರೆ. ಎಷ್ಟೋ ದಿನ ಅದೇ ತಲೇಲಿ ಕೊರೀತಿತ್ತು.

ಮುಂದಿನ ವರ್ಷ ಗಮ್ಮಿ ಹೋಗಿ ಜಾಯಿಂಟ್ (ಸುತ್ತಿ ಸೇದೋ ಗಾಂಜಾ) ಬಂತು, ವಾರಕ್ಕೆ ಎರಡು ದಿನ ಹೋಗಿ ದಿನಾ ಆಯ್ತು. ಇಲ್ಲೇ ನಾನು ಅಂಗಡಿಗೆ ಒಂದು ಸ್ಟಾರ್ ಕಡಿಮೆ ಮಾಡೋದು. ಶನಿವಾರ ಭಾನುವಾರ ಕೌಂಟರಲ್ಲಿರೋ ಹುಡುಗನಿಗೆ ಟಿಎಚ್‌ಸಿ ಪರ್ಸೆಂಟ್ ಬಿಟ್ಟು ಬೇರೆ ಗೊತ್ತಿಲ್ಲ, ಇದು 28, ಇದು 31, ಜಾಸ್ತಿ ಇದ್ರೆ ಒಳ್ಳೇದು ಅನ್ನೋ ಥರ ಮಾರ್ತಾನೆ. ದಿನಾ ಬರೋ ಗಿರಾಕಿ ಮುಖ ನೋಡಿ ಒಂದು ಮಾತು ಕೇಳೋದು ಅವನಿಂದ ಆಗ್ಲಿಲ್ಲ.

ಕೇಳಿದ್ದು ಆ ಹೆಂಗಸೇ. 2024ರ ಏಪ್ರಿಲ್ ಇರಬೇಕು, "ನೀವು ಯಾವಾಗಲೂ ಆರೂವರೆಗೆ ಬರ್ತೀರ, ಒಂದಿನ ತಪ್ಪಿದ್ರೆ ಏನಾಗುತ್ತೆ?" ಅಂದ್ರು. ಬೈಗುಳ ಏನಲ್ಲ, ಮಾಮೂಲಿ ಕೇಳೋ ಹಾಗೇ ಕೇಳಿದ್ರು. ಅವತ್ತು ಮನೆಗೆ ಬಂದು ಬಾಲ್ಕನೀಲಿ ಕೂತಾಗ ನನ್ನನ್ನೇ ನೋಡ್ಕೊಂಡೆ. ಕೈಕಾಲು ತೊಳ್ಕೊಂಡಿದ್ದೆ. ಅದೇ ಚಾಪೆ ಹಾಕ್ಕೊಂಡಿದ್ದೆ. ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದೆ, ಸಾಯಂ ಸಂಧ್ಯೆಗೆ ಕೂರಿಸ್ತಿದ್ರಲ್ಲ ಹಾಗೇ. ಮುಗಿಯೋ ತನಕ ಯಾರ ಫೋನೂ ಎತ್ತಲ್ಲ, ಮುಗಿಯದೆ ಊಟ ಇಲ್ಲ. ಒಂದು ದಿನ ತಪ್ಪಿದ್ರೂ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ಒಂದನ್ನ ಬಿಟ್ಟು ಅದೇ ಜಾಗದಲ್ಲಿ, ಅದೇ ಟೈಮಿಗೆ, ಅದಕ್ಕಿಂತ ಕಟ್ಟುನಿಟ್ಟಾಗಿ ಇನ್ನೊಂದು ಕಟ್ಕೊಂಡಿದ್ದೆ.

ನಿಲ್ಲಿಸೋದು ಸುಲಭ ಅಂದ್ಕೊಂಡಿದ್ದೆ, ಇದು ಅಡಿಕ್ಟ್ ಮಾಡಲ್ಲ ಅಂತ ಬೆಂಗಳೂರಲ್ಲಿ ಎಲ್ಲರೂ ಹೇಳ್ತಿದ್ರಲ್ಲ, ಆ ಮಾತು ನಂಬಬೇಡಿ. ಎರಡು ವಾರ ನಿದ್ದೆ ಇಲ್ಲ, ಬಂದ್ರೆ ಕೆಟ್ಟ ಕೆಟ್ಟ ಕನಸು, ಬೆವರು, ಊಟ ಸೇರಲ್ಲ, ಸುಮ್ಮಸುಮ್ಮನೆ ಸಿಟ್ಟು. ಫ್ಯಾಮಿಲಿ ಡಾಕ್ಟರ್ ಹತ್ರ ಹೋದೆ, ಹೆಲ್ತ್ ಕಾರ್ಡ್ ಇದ್ರೆ ದುಡ್ಡಿಲ್ಲ, ಅವರು ಬೈಯದೆ ಬರ್ಕೊಂಡ್ರು, ದಿನಾ ತಗೊಳ್ತಿದ್ದೋರು ಬಿಟ್ರೆ ಹಿಂಗಾಗೋದು ಮಾಮೂಲಿ, ಎರಡು ವಾರಕ್ಕೆ ಸುಮಾರಾಗಿ ಇಳಿಯುತ್ತೆ ಅಂದ್ರು, ಇಳೀತು. ಒಂಟಾರಿಯೋದವರಿಗೆ ಕನೆಕ್ಸ್‌ಒಂಟಾರಿಯೋ ಅಂತ ಒಂದು ಹೆಲ್ಪ್‌ಲೈನ್ ಇದೆ, ದಿನದ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಬಹುದು, ಫ್ರೀ, ಕೌನ್ಸೆಲಿಂಗ್ ಎಲ್ಲಿ ಸಿಗುತ್ತೆ ಅಂತ ಹೇಳ್ತಾರೆ. ಕೌನ್ಸೆಲರ್ ಮುಂದೆ ಗಾಂಜಾ ಬಗ್ಗೆ ಹತ್ತು ನಿಮಿಷ ಮಾತಾಡಿರಬೇಕು, ಉಳಿದ ಟೈಮೆಲ್ಲ ಆ ಎಲೆ, ಆ ಹಯಗ್ರೀವ, ನಾನು ಏಳದೇ ಇದ್ದಿದ್ದು. ಅದಾದ ಒಂದು ತಿಂಗಳಿಗೆ ಭಾನುವಾರ ಬೆಳಗ್ಗೆ ಆ ಗೆಳೆಯನಿಗೆ ಫೋನ್ ಮಾಡಿದೆ, ಊರಲ್ಲಿ ಆಗ ಸಂಜೆ. "ಅವತ್ತು ನಾನೂ ನಿನ್ನ ಜೊತೆ ಎದ್ದು ಬರಬೇಕಿತ್ತು ಕಣೋ" ಅಂದೆ. ಸುಮಾರು ಹೊತ್ತು ಸುಮ್ಮನಿದ್ದ. "ಹೌದು, ಬರಬೇಕಿತ್ತು" ಅಂದ. ಆಮೇಲೆ ಮಗಳ ಸ್ಕೂಲ್ ವಿಷಯ ಮಾತಾಡಿದ, ನಲವತ್ತು ನಿಮಿಷ ಇಬ್ರೂ ಫೋನ್ ಇಡಲಿಲ್ಲ.

ಈಗ ಯಾವಾಗಲಾದ್ರೂ ಒಮ್ಮೆ, ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದು ಗಮ್ಮಿ, ಶನಿವಾರ, ಸಂಜೆ ಏಳಕ್ಕಂತೂ ಅಲ್ಲ. ನನ್ನ ಥರ ಮನೆಯಿಂದ, ಮಠದಿಂದ, ಮಸೀದಿಯಿಂದ, ಚರ್ಚಿಂದ ಹೊರಗೆ ಬಂದೋರು ಯಾರಾದ್ರೂ ಇಲ್ಲಿಗೆ ಹೋಗೋದಾದ್ರೆ, ದಿನದಲ್ಲಿ ಯಾವ ಹೊತ್ತಿಗೆ ತಗೋಬೇಕು ಅನ್ಸುತ್ತೆ ಅನ್ನೋದನ್ನ ಒಂದು ತಿಂಗಳು ಬರೆದಿಡಿ.

ಗಾಡಿ ಓಡಿಸೋರು ತಗೊಂಡ ಮೇಲೆ ಕೀ ಮುಟ್ಟಬೇಡಿ, ರಕ್ತ ಪರೀಕ್ಷೇಲಿ ಒಂದು ಮಿಲಿಲೀಟರ್‌ಗೆ 2 ನ್ಯಾನೋಗ್ರಾಂ ಟಿಎಚ್‌ಸಿ ಸಿಕ್ರೂ ಕೇಸು. ಊರಿಗೆ ಹೊರಡುವಾಗ ಬ್ಯಾಗು, ಜಾಕೆಟ್ ಜೇಬು ಎರಡು ಸಲ ತಡಕಿ, ಒಂದು ಗಮ್ಮಿ ಉಳಿದಿದ್ರೂ ಗಡಿ ದಾಟಿಸೋದು ಇಲ್ಲಿ ಅಪರಾಧ, ಅಲ್ಲಿ ಇಳಿದ್ರೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ. ಪ್ಯಾಕು ಆರೇಳು ಡಾಲರ್, ಮೇಲೆ 13 ಪರ್ಸೆಂಟ್ ಟ್ಯಾಕ್ಸ್. ಪಾರ್ಕಿಂಗ್ ಧಾರಾಳ. ಮಂಗಳವಾರ ಅಥವಾ ಗುರುವಾರ ಸಂಜೆ ಹೋಗಿ, ಆ ಹೆಂಗಸು ಇರ್ತಾರೆ.