ಲಿನಕ್ಸ್ ಸ್ಟೇಬಲ್ ಕರ್ನೆಲ್ ಸೇವೆ: ಮೆಮೊರಿ ನಿರ್ವಹಣೆಯ ಬ್ಯಾಕ್‌ಪೋರ್ಟ್‌ಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಲಿನಕ್ಸ್ ಬಳಸುವ ಹೆಚ್ಚಿನ ಸರ್ವರ್‌ಗಳು, ರೂಟರ್‌ಗಳು ಮತ್ತು ಫೋನ್‌ಗಳು ಲೈನಸ್ ಟೊರ್ವಾಲ್ಡ್ಸ್ ಅವರ ಮೇನ್‌ಲೈನ್ ಕರ್ನೆಲ್ಲನ್ನು, ಅಂದರೆ ಹೊಸ ಬದಲಾವಣೆಗಳು ಮೊದಲು ಸೇರುವ ಮೂಲ ಶಾಖೆಯನ್ನು, ನೇರವಾಗಿ ಓಡಿಸುವುದಿಲ್ಲ. ಅವುಗಳ ಕರ್ನೆಲ್ ಒಂದಲ್ಲ ಒಂದು ಸ್ಟೇಬಲ್ (ದೋಷ ಪರಿಹಾರಗಳನ್ನಷ್ಟೇ ಪಡೆಯುವ) ಅಥವಾ ಎಲ್‌ಟಿಎಸ್ (ಹಾಗೆ ದೀರ್ಘಕಾಲ ಪೋಷಿಸುವ) ಶಾಖೆಯಿಂದ ಬಂದಿರುತ್ತದೆ. 2005ರಲ್ಲಿ 2.6.11 ಸರಣಿಯೊಂದಿಗೆ ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಆರಂಭಿಸಿದ, ಈಗ ಗ್ರೆಗ್ ಅವರೊಂದಿಗೆ ಸಾಶಾ ಲೆವಿನ್ ನಡೆಸುತ್ತಿರುವ ಈ ಶಾಖೆಗಳನ್ನು ನಾನು ಒಂದು ಸೇವೆಯೆಂದೇ ಪರಿಗಣಿಸುತ್ತೇನೆ. ಇದಕ್ಕೆ ಹಣ ಕೊಡಬೇಕಾಗಿಲ್ಲ, ಆದರೆ ಇದನ್ನು ನಂಬಿ ನಡೆಯುವ ಕೆಲಸಗಳ ಮೌಲ್ಯ ಬಹಳ ದೊಡ್ಡದು. ಆದ್ದರಿಂದ ಯಾವುದೇ ಸೇವೆಯನ್ನು ಪರಿಶೀಲಿಸುವಷ್ಟೇ ಕಟ್ಟುನಿಟ್ಟಾಗಿ ಇದನ್ನೂ ಪರಿಶೀಲಿಸಬೇಕು. ಇಲ್ಲಿ ನಾನು ನೋಡುವುದು ಅದರ ಒಂದೇ ಮುಖವನ್ನು, ಅಂದರೆ ಮೆಮೊರಿ ನಿರ್ವಹಣೆಯ ಬದಲಾವಣೆಗಳನ್ನು ಹಳೆಯ ಶಾಖೆಗಳಿಗೆ ತರುವ ಬ್ಯಾಕ್‌ಪೋರ್ಟ್ ಕೆಲಸವನ್ನು.

ಈ ಮುಖವನ್ನೇ ಆರಿಸಲು ಕಾರಣವಿದೆ. ಸೌಂಡ್ ಕಾರ್ಡಿನ ಡ್ರೈವರ್‌ಗೆ ತಂದ ತಿದ್ದುಪಡಿ ಕೆಟ್ಟರೆ ಶಬ್ದ ನಿಲ್ಲುತ್ತದೆ, ಬಳಕೆದಾರನಿಗೆ ಕೂಡಲೇ ತಿಳಿಯುತ್ತದೆ. ಪೇಜ್ ಟೇಬಲ್ (ವಿಳಾಸಗಳನ್ನು ಮೆಮೊರಿಯ ಪುಟಗಳಿಗೆ ಜೋಡಿಸುವ ಪಟ್ಟಿ) ಅಥವಾ ವಿಎಂಎಗಳನ್ನು (ಪ್ರೋಗ್ರಾಂ ಬಳಸುವ ಒಂದೊಂದು ವಿಳಾಸ ವ್ಯಾಪ್ತಿಯ ದಾಖಲೆಗಳನ್ನು) ಮುಟ್ಟುವ ತಿದ್ದುಪಡಿ ಕೆಟ್ಟರೆ ಯಂತ್ರ ಓಡುತ್ತಲೇ ಇರುತ್ತದೆ, ಒಳಗೆ ದತ್ತಾಂಶ ಕೆಡುತ್ತದೆ, ಅದು ಬೆಳಕಿಗೆ ಬರುವಷ್ಟರಲ್ಲಿ ಕೆಟ್ಟ ದತ್ತಾಂಶವೇ ಬ್ಯಾಕಪ್‌ಗೂ ಸೇರಿರಬಹುದು. ಅಲ್ಲದೆ ಮೆಮೊರಿ ವಿಭಾಗದ ಪ್ಯಾಚ್ ತನ್ನ ಅರ್ಧ ಅರ್ಥವನ್ನು ತನ್ನ ಸಾಲುಗಳಿಂದಾಚೆ ಇಟ್ಟುಕೊಂಡಿರುತ್ತದೆ. ಕರೆಯುವ ಫಂಕ್ಷನ್ ಯಾವ ಲಾಕ್ (ಒಂದೇ ದತ್ತಾಂಶಕ್ಕೆ ಹಲವರು ಒಟ್ಟಿಗೆ ಕೈ ಹಾಕದಂತೆ ತಡೆಯುವ ಬೀಗ) ಹಿಡಿದಿದೆ, ಅದನ್ನು ಓದುವುದಕ್ಕಾಗಿ ಹಿಡಿದಿದೆಯೋ ಬರೆಯುವುದಕ್ಕಾಗಿಯೋ, ಟಿಎಲ್‌ಬಿ (ವಿಳಾಸ ಜೋಡಣೆಗಳನ್ನು ಪ್ರೊಸೆಸರ್ ಇಟ್ಟುಕೊಳ್ಳುವ ಸಂಗ್ರಹ) ಫ್ಲಶ್ ಆಗುವುದು ಪುಟವನ್ನು ಬಿಡುಗಡೆ ಮಾಡುವ ಮೊದಲೋ ನಂತರವೋ ಎಂಬುದೆಲ್ಲ ಪ್ಯಾಚ್‌ನಲ್ಲಿ ಬರೆದಿರುವುದಿಲ್ಲ. ಒಂದು ಬಾವಿಯ ಆಳಕ್ಕೆ ಅಳೆದು ಕತ್ತರಿಸಿದ ಹಗ್ಗ ಇನ್ನೊಂದು ಬಾವಿಯ ರಾಟೆಗೂ ಸಲೀಸಾಗಿ ಕೂರುತ್ತದೆ, ನೀರು ಮುಟ್ಟುತ್ತದೆಯೇ ಎಂಬುದು ಇಳಿಸಿದ ಮೇಲಷ್ಟೇ ಗೊತ್ತಾಗುತ್ತದೆ. ಹಳೆಯ ಕರ್ನೆಲ್‌ಗೆ ಪ್ಯಾಚ್ ತಕರಾರಿಲ್ಲದೆ ಹೊಂದಿಕೊಂಡು, ಕಂಪೈಲ್ ಕೂಡ ಆಗಿ, ಆದರೂ ತಪ್ಪಾಗಿರುವುದು ಹೀಗೆಯೇ.

ಸೇವೆಯ ನಿಯಮಗಳು ಸರಳವಾಗಿವೆ. ತಿದ್ದುಪಡಿ ಮೊದಲು ಮೇನ್‌ಲೈನ್‌ಗೆ ಸೇರಿರಬೇಕು, ನಿಜವಾದ ದೋಷವನ್ನು ಸರಿಪಡಿಸಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲುಗಳನ್ನು ಮೀರಬಾರದು. ಹೊಸ ಆವೃತ್ತಿಯ ಮುನ್ನ ಪ್ಯಾಚ್‌ಗಳ ಪಟ್ಟಿಯನ್ನು ಪ್ರಕಟಿಸಿ, ಸಾಮಾನ್ಯವಾಗಿ ಎರಡು ದಿನ ಪರಿಶೀಲನೆಗೆ ಬಿಡಲಾಗುತ್ತದೆ. ತಂದ ಪ್ರತಿಯೊಂದು ಪ್ಯಾಚ್‌ನಲ್ಲೂ ಮೇನ್‌ಲೈನ್‌ನ ಮೂಲ ಕಮಿಟ್‌ನ (ಅಲ್ಲಿ ದಾಖಲಾದ ಬದಲಾವಣೆಯ) ಗುರುತು ಇರುತ್ತದೆ, ಹಳೆಯ ಶಾಖೆಗಾಗಿ ಏನಾದರೂ ತಿದ್ದಿದ್ದರೆ ತಿದ್ದಿದವರು ಅದನ್ನೂ ಚಿಕ್ಕದಾಗಿ ನಮೂದಿಸುತ್ತಾರೆ. ಈ ಕೊನೆಯ ಶಿಸ್ತನ್ನು ನಾನು ತುಂಬ ಗೌರವಿಸುತ್ತೇನೆ, ಏಕೆಂದರೆ ನನ್ನ ಕರ್ನೆಲ್‌ನಲ್ಲಿ ಒಂದು ತಿದ್ದುಪಡಿ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಯಾರನ್ನೂ ಕೇಳದೆ ಲಾಗ್ ಹುಡುಕಿ ಉತ್ತರ ಕಂಡುಕೊಳ್ಳಬಹುದು.

ಇದಕ್ಕಿಂತ ಮುಖ್ಯವಾದುದು ಮೆಮೊರಿ ವಿಭಾಗಕ್ಕೆ ಇರುವ ಒಂದು ವಿನಾಯಿತಿ. ಸ್ಟೇಬಲ್‌ಗೆ ಸೇರಬೇಕೆಂದು ಲೇಖಕರು ಸೂಚಿಸದ ಪ್ಯಾಚ್‌ಗಳಲ್ಲೂ ದೋಷ ಪರಿಹಾರದಂತೆ ಕಾಣುವವನ್ನು ಯಂತ್ರಕಲಿಕೆಯ ನೆರವಿನಿಂದ ಹೆಕ್ಕುವ ಆಟೋಸೆಲ್ ಎಂಬ ವ್ಯವಸ್ಥೆಯನ್ನು ಸಾಶಾ ಲೆವಿನ್ ನಡೆಸುತ್ತಾರೆ. ಮೆಮೊರಿ ವಿಭಾಗದ ಹೊಣೆ ಹೊತ್ತ ಆಂಡ್ರ್ಯೂ ಮಾರ್ಟನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಒಪ್ಪಲಿಲ್ಲ. ತಾವು ಓದಿ, ಯೋಚಿಸಿ, ಸ್ಟೇಬಲ್‌ಗೆ ಹೋಗಲಿ ಎಂದು ಗುರುತು ಹಾಕಿದ ಪ್ಯಾಚ್‌ಗಳನ್ನಷ್ಟೇ ಒಯ್ಯಬೇಕೆಂದು ಅವರು ಕೇಳಿಕೊಂಡರು, ಸ್ಟೇಬಲ್ ನಡೆಸುವವರು ಅದನ್ನು ಮಾನ್ಯ ಮಾಡಿದರು. ಇದರಿಂದ ಕೆಲವು ಸಣ್ಣ ಪರಿಹಾರಗಳು ಹಳೆಯ ಶಾಖೆಗಳನ್ನು ತಲುಪದೆ ಉಳಿಯುತ್ತವೆ ಎಂಬುದು ನಿಜ. ಆದರೂ ದತ್ತಾಂಶವನ್ನೇ ಕೆಡಿಸಬಲ್ಲ ವಿಭಾಗದಲ್ಲಿ ಮನುಷ್ಯನೊಬ್ಬ ಹೊಣೆ ಹೊತ್ತು ‘ಇದು ಹೋಗಲಿ’ ಎನ್ನುವ ಪದ್ಧತಿಯೇ ಸರಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಸೇವೆ ತನ್ನ ಉತ್ತಮ ಸ್ಥಿತಿಯಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ 2018ರ ಸೆಪ್ಟೆಂಬರ್‌ನ ಪ್ರಕರಣವನ್ನು ವಿವರವಾಗಿ ನೋಡಬೇಕು. ವಿಳಾಸವೊಂದು ಯಾವ ವಿಎಂಎಗೆ ಸೇರಿದೆ ಎಂಬುದನ್ನು ಬೇಗ ಹುಡುಕಲು ಆಗ ಪ್ರತಿ ಥ್ರೆಡ್‌ಗೂ (ಪ್ರೋಗ್ರಾಂನೊಳಗೆ ಏಕಕಾಲದಲ್ಲಿ ಓಡುವ ಒಂದೊಂದು ಎಳೆಗೂ) ವಿಎಂಎ-ಕ್ಯಾಶ್ ಎಂಬ ಸಣ್ಣ ಸಂಗ್ರಹವಿತ್ತು. ಆ ಸಂಗ್ರಹ ಹಳತಾಗಿದೆ ಎಂದು ತಿಳಿಸಲು 32 ಬಿಟ್‌ಗಳ ಒಂದು ಅನುಕ್ರಮ ಸಂಖ್ಯೆಯಿತ್ತು. ಸಂಖ್ಯೆ ತುಂಬಿ ಮತ್ತೆ ಸೊನ್ನೆಗೆ ಬಂದಾಗ ಎಲ್ಲ ಥ್ರೆಡ್‌ಗಳ ಸಂಗ್ರಹವನ್ನೂ ಅಳಿಸಬೇಕಿತ್ತು, ಆದರೆ ಕರ್ನೆಲ್‌ನ 3.16 ಆವೃತ್ತಿಯಲ್ಲಿ ಸೇರಿಸಿದ ಒಂದು ವೇಗವರ್ಧನೆ ಒಂದೇ ಥ್ರೆಡ್ ಇರುವಾಗ ಆ ಕೆಲಸವನ್ನು ಬಿಟ್ಟುಬಿಡುತ್ತಿತ್ತು. ಆ ಹೊತ್ತನ್ನು ನೋಡಿಕೊಂಡು ಹೊಸ ಥ್ರೆಡ್ ಹುಟ್ಟಿಸಿದರೆ, ಬಿಡುಗಡೆಯಾದ ವಿಎಂಎಯೊಂದರ ವಿಳಾಸ ಸಂಗ್ರಹದಲ್ಲಿ ಉಳಿದುಬಿಡುತ್ತಿತ್ತು. ಗೂಗಲ್‌ನ ಯಾನ್ ಹಾರ್ನ್ ಇದನ್ನು ಸೆಪ್ಟೆಂಬರ್ 12ರಂದು ವರದಿ ಮಾಡಿದರು. ಎರಡು ದಿನಗಳೊಳಗೆ ಮೇನ್‌ಲೈನ್‌ನಲ್ಲಿ ಪರಿಹಾರ ಸಿದ್ಧವಾಯಿತು, 19ರಂದು 4.18.9, 4.14.71, 4.9.128 ಮತ್ತು 4.4.157 ಆವೃತ್ತಿಗಳು ಅದನ್ನು ಹೊತ್ತು ಹೊರಬಂದವು. ಪರಿಹಾರದ ಸೊಗಸೂ ಗಮನಾರ್ಹವಾಗಿತ್ತು. ಸಂಗ್ರಹ ಅಳಿಸುವ ಸಂಕೀರ್ಣ ಕೋಡನ್ನು ದುರಸ್ತಿ ಮಾಡುವ ಬದಲು ಸಂಖ್ಯೆಯನ್ನೇ 64 ಬಿಟ್‌ಗೆ ಹಿಗ್ಗಿಸಿ ಆ ಕೋಡನ್ನು ಕಿತ್ತುಹಾಕಲಾಯಿತು, ಆದ್ದರಿಂದ ನಾಲ್ಕೂ ಶಾಖೆಗಳಿಗೆ ಅದನ್ನು ಒಯ್ಯುವುದು ಸುಲಭವಾಯಿತು. ಬ್ಯಾಕ್‌ಪೋರ್ಟ್‌ನ ಗುಣಮಟ್ಟ ಅರ್ಧದಷ್ಟು ಮೂಲ ಪರಿಹಾರದ ರೂಪದಲ್ಲೇ ನಿರ್ಧಾರವಾಗುತ್ತದೆ ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ.

ಆದರೆ ಅದೇ ಪ್ರಕರಣ ಸೇವೆಯ ಹೊರಗಿನ ಒಂದು ದೌರ್ಬಲ್ಯವನ್ನೂ ಬಯಲು ಮಾಡಿತು. ಪರಿಹಾರ ಸಾರ್ವಜನಿಕವಾದ ಮೇಲೂ, ಸೆಪ್ಟೆಂಬರ್ 26ರಂದು ಡೆಬಿಯನ್ ಸ್ಟೇಬಲ್ ಮತ್ತು ಉಬುಂಟು 16.04 ಎಂಬ ಲಿನಕ್ಸ್ ವಿತರಣೆಗಳ ಬಳಕೆದಾರರಿಗೆ ದೊರೆಯುತ್ತಿದ್ದ ಕರ್ನೆಲ್‌ಗಳು ಆಗಸ್ಟ್ ತಿಂಗಳಿನವೇ ಆಗಿದ್ದವೆಂದು ಹಾರ್ನ್ ದಾಖಲಿಸಿದರು. ದೋಷವನ್ನು ಬಳಸಿ ರೂಟ್ ಅಧಿಕಾರ (ಯಂತ್ರದ ಮೇಲೆ ಪೂರ್ಣ ಹಿಡಿತ) ಪಡೆಯಲು ಅವರ ಪ್ರೋಗ್ರಾಂಗೆ ಸುಮಾರು ಒಂದು ಗಂಟೆ ಸಾಕಾಗುತ್ತಿತ್ತು. ಸ್ಟೇಬಲ್ ಶಾಖೆ ಬೇಗ ಓಡಿದರೂ ವಿತರಣೆ ನಿಧಾನವಾಗಿದ್ದರೆ ಬಳಕೆದಾರನಿಗೆ ಸಿಗುವುದು ನಿಧಾನದ ಸೇವೆಯೇ.

2023ರ ಸ್ಟ್ಯಾಕ್‌ರಾಟ್ ಎಂಬ ದೋಷ ಇದಕ್ಕಿಂತ ಕಠಿಣವಾದ ಪರೀಕ್ಷೆಯಾಗಿತ್ತು. 6.1ರಲ್ಲಿ ವಿಎಂಎಗಳನ್ನು ಇಡುವ ರಚನೆ ಹಳೆಯ ರೆಡ್-ಬ್ಲ್ಯಾಕ್ ಟ್ರೀಯಿಂದ ಮೇಪಲ್ ಟ್ರೀಗೆ ಬದಲಾಯಿತು, ಮೇಲೆ ಹೇಳಿದ ವಿಎಂಎ-ಕ್ಯಾಶ್ ಕೂಡ ಆಗಲೇ ತೆರೆಮರೆಗೆ ಸರಿಯಿತು. ಆದರೆ ಸ್ಟ್ಯಾಕ್ (ಪ್ರೋಗ್ರಾಂನ ತಾತ್ಕಾಲಿಕ ದತ್ತಾಂಶದ ಜಾಗ) ಬೆಳೆಯುವಾಗ ಓದುವ ಲಾಕ್ ಮಾತ್ರ ಹಿಡಿಯುವ ಹಳೆಯ ರೂಢಿ ಹಾಗೆಯೇ ಉಳಿದಿತ್ತು. ಹಳೆಯ ರಚನೆಯಲ್ಲಿ ಅದು ನಡೆಯುತ್ತಿತ್ತು, ಹೊಸದರಲ್ಲಿ ಒಂದು ನೋಡ್ ಬದಲಾಗಿ ಹಳೆಯದು ಬಿಡುಗಡೆಯಾಗುವಾಗ ಇನ್ನೊಬ್ಬ ಓದುಗ ಅದನ್ನೇ ಹಿಡಿದಿರುವ ಸಾಧ್ಯತೆ ಹುಟ್ಟಿತು. ರುಯಿಹಾನ್ ಲಿ ಜೂನ್ 15ರಂದು ಇದನ್ನು ವರದಿ ಮಾಡಿದರು. ಟೊರ್ವಾಲ್ಡ್ಸ್ ಅವರೇ ಮುಂದೆ ನಿಂತು, ಸ್ಟ್ಯಾಕ್ ಬೆಳೆಸುವಾಗಲೆಲ್ಲ ಬರೆಯುವ ಲಾಕ್ ಹಿಡಿಯುವಂತೆ ಪೇಜ್ ಫಾಲ್ಟ್ (ಕೇಳಿದ ಪುಟ ಸಿದ್ಧವಿಲ್ಲದಾಗ ಬರುವ ಸೂಚನೆ) ನಿರ್ವಹಿಸುವ ಕೋಡನ್ನು ಒಂದೊಂದು ಆರ್ಕಿಟೆಕ್ಚರ್‌ನಲ್ಲೂ (ಪ್ರೊಸೆಸರ್ ಬಗೆಯಲ್ಲೂ) ತಿದ್ದುವ ಸರಣಿಯೊಂದನ್ನು ರೂಪಿಸಿದರು. ಜೂನ್ 28ರಂದು ಅದು ಮೇನ್‌ಲೈನ್‌ಗೆ ಸೇರಿತು, ಜುಲೈ 1ರಂದು 6.1.37, 6.3.11 ಮತ್ತು 6.4.1 ಬಿಡುಗಡೆಯಾದವು. ಇಷ್ಟು ವಿಸ್ತಾರವಾದ ಸರಣಿ 100 ಸಾಲಿನ ನಿಯಮದ ಅಕ್ಷರಕ್ಕೆ ಒಗ್ಗುವಂಥದ್ದಲ್ಲ, ಅದನ್ನು ತಂದದ್ದು ಸರಿಯಾದ ನಿರ್ಧಾರವೇ. ಸ್ಪಾರ್ಕ್, ಎಕ್ಸ್‌ಟೆನ್ಸಾ, ಪಿಎ-ರಿಸ್ಕ್ ಮುಂತಾದ ಕಡಿಮೆ ಬಳಕೆಯ ಆರ್ಕಿಟೆಕ್ಚರ್‌ಗಳಲ್ಲಿ ಆ ಮೇಲೆ ಸಣ್ಣ ತಿದ್ದುಪಡಿಗಳು ಬೇಕಾದವು. ಅಂಥ ಯಂತ್ರಗಳನ್ನು ಇಟ್ಟುಕೊಂಡವರು ಈ ಬಗೆಯ ಆವೃತ್ತಿಗೆ ಹಾರುವ ಮುನ್ನ ಮುಂದಿನ ಒಂದೆರಡು ಆವೃತ್ತಿಗಳ ಪಟ್ಟಿಯನ್ನೂ ನೋಡಬೇಕು.

ಎಲ್ಲ ಬ್ಯಾಕ್‌ಪೋರ್ಟ್‌ಗಳೂ ಹೀಗೆ ಸಲೀಸಾಗಿ ಮುಗಿದಿಲ್ಲ. 2017ರ ಜೂನ್‌ನಲ್ಲಿ ಸ್ಟ್ಯಾಕ್ ಪಕ್ಕದ ಮೆಮೊರಿಗೆ ನುಗ್ಗುವ ಸ್ಟ್ಯಾಕ್ ಕ್ಲ್ಯಾಶ್ ದೋಷ ಬೆಳಕಿಗೆ ಬಂದಾಗ, ಸ್ಟ್ಯಾಕ್‌ನ ಕೆಳಗಿನ ಕಾವಲು ಅಂತರವನ್ನು ಒಂದು ಪುಟದಿಂದ 256 ಪುಟಗಳಿಗೆ, ಅಂದರೆ 4 ಕೆಬಿ ಪುಟಗಳಿರುವಲ್ಲಿ 1 ಎಂಬಿಗೆ ಏರಿಸಲಾಯಿತು. ಭದ್ರತೆಯ ದೃಷ್ಟಿಯಿಂದ ಅದು ಅನಿವಾರ್ಯವಾಗಿತ್ತು. ಆದರೆ ಸ್ಟ್ಯಾಕ್‌ನ ಹತ್ತಿರ ತಮ್ಮದೇ ಕಾವಲು ಪುಟ ಇಡುತ್ತಿದ್ದ ಜಾವಾದಂಥ ಪರಿಸರಗಳು ಕೆಲವೆಡೆ ಕುಸಿದವು, ಅದಕ್ಕಾಗಿ ಮತ್ತೊಂದು ಪರಿಹಾರ ಬರೆಯಬೇಕಾಯಿತು. ಇದನ್ನು ಸೇವೆಯ ನಿರ್ಲಕ್ಷ್ಯ ಎನ್ನಲಾರೆ, ಆದರೆ ಎರಡು ದಿನಗಳ ಪರಿಶೀಲನೆಯ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಆ ಅವಧಿಯಲ್ಲಿ ಪರೀಕ್ಷಕರು ಕರ್ನೆಲ್ ಕಟ್ಟಿ, ಬೂಟ್ ಮಾಡಿ, ಸಿದ್ಧ ಪರೀಕ್ಷೆಗಳನ್ನು ಓಡಿಸಬಲ್ಲರು. ಮೆಮೊರಿ ಒತ್ತಡದಲ್ಲಿ ವಾರಗಟ್ಟಲೆ ಓಡುವ ಡೇಟಾಬೇಸ್‌ನಲ್ಲಿ ಪುಟ ಹಿಂಪಡೆಯುವ ವೇಗ ಕುಂದಿದೆಯೇ ಎಂಬುದನ್ನು ಎರಡು ದಿನಗಳಲ್ಲಿ ಯಾರೂ ಹೇಳಲಾರರು. ಆ ಭಾಗದ ಪರೀಕ್ಷೆ ಬಳಕೆದಾರನ ಹೊಣೆಯಾಗಿಯೇ ಉಳಿಯುತ್ತದೆ.

ಹಳೆಯ ಶಾಖೆಗಳ ವಿಷಯದಲ್ಲಿ ನನ್ನ ತಕರಾರು ಇನ್ನೂ ಗಟ್ಟಿಯಾಗಿದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ ಪರಿಹಾರವಾಗಿ ಕರ್ನೆಲ್ ಮತ್ತು ಬಳಕೆದಾರ ಪ್ರೋಗ್ರಾಂಗಳ ಪೇಜ್ ಟೇಬಲ್‌ಗಳನ್ನು ಬೇರ್ಪಡಿಸಬೇಕಾಯಿತು. 4.14 ಶಾಖೆಗೆ ಮೇನ್‌ಲೈನ್‌ನ ಕೆಲಸವೇ ಬಂತು. 4.9 ಮತ್ತು 4.4ಕ್ಕೆ ಅದನ್ನು ಇಳಿಸಲಾಗದಷ್ಟು ಕೋಡ್ ಬದಲಾಗಿದ್ದರಿಂದ, ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಮೊದಲೇ ರೂಪಿಸಿದ್ದ ಕೈಸರ್ ಪ್ಯಾಚ್‌ಗಳನ್ನು ಆಧರಿಸಿ ಹ್ಯೂ ಡಿಕಿನ್ಸ್ ಮುಂತಾದವರು ಬೇರೆಯೇ ಪರಿಹಾರ ಸಿದ್ಧಪಡಿಸಿದರು. ಜನವರಿ 5ರಂದು 4.9.75 ಮತ್ತು 4.4.110 ಅದನ್ನು ಹೊತ್ತು ಬಂದವು. ಈ ಎರಡು ಶಾಖೆಗಳ ಕೋಡ್ ಮೇನ್‌ಲೈನ್‌ಗಿಂತ ಭಿನ್ನವೆಂದೂ, ಸಾಧ್ಯವಾದವರು 4.14ಕ್ಕೆ ಬರಬೇಕೆಂದೂ ಗ್ರೆಗ್ ಅವರೇ ಬಹಿರಂಗವಾಗಿ ಹೇಳಿದರು. ಸೇವೆ ನಡೆಸುವವರು ತಮ್ಮದೇ ಹಳೆಯ ಶಾಖೆಗಳ ಮಿತಿಯನ್ನು ಇಷ್ಟು ನೇರವಾಗಿ ತಿಳಿಸಿದ್ದನ್ನು ನಾನು ಮೆಚ್ಚುತ್ತೇನೆ, ಆ ಮಾತನ್ನು ಬಳಕೆದಾರರು ಗಂಭೀರವಾಗಿ ತೆಗೆದುಕೊಳ್ಳಬೇಕು.

ಈಗ ಆ ಅಂತರ ಇನ್ನೂ ಅಗಲವಾಗಿದೆ. 5.8ರಲ್ಲಿ, ಪ್ರೋಗ್ರಾಂನ ಎಲ್ಲ ವಿಎಂಎಗಳನ್ನೂ ಕಾಯುವ ಎಂಮ್ಯಾಪ್ ಸೆಮಾಫೋರ್ ಎಂಬುದು ಎಂಮ್ಯಾಪ್ ಲಾಕ್ ಆಯಿತು. 5.16ರಿಂದ ಮ್ಯಾಥ್ಯೂ ವಿಲ್ಕಾಕ್ಸ್ ಅವರ ಫೋಲಿಯೊ (ಪುಟಗಳ ಗುಂಪನ್ನು ಒಂದಾಗಿ ನಿಭಾಯಿಸುವ) ಕೆಲಸ, ಬಿಡಿ ಪುಟಗಳನ್ನು ನಿಭಾಯಿಸುತ್ತಿದ್ದ ಕೋಡನ್ನು ಆವೃತ್ತಿಯಿಂದ ಆವೃತ್ತಿಗೆ ಮರುರೂಪಿಸುತ್ತ ಸಾಗಿದೆ. 6.1ರಲ್ಲಿ ಮೇಪಲ್ ಟ್ರೀ, 6.4ರಲ್ಲಿ ಪ್ರತಿ ವಿಎಂಎಗೊಂದು ಲಾಕ್ ಬಂದವು. ಇಂದಿನ ಮೇನ್‌ಲೈನ್‌ನಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವ ಪರಿಹಾರವನ್ನು 5.10ಕ್ಕೆ ತರಬೇಕಾದರೆ ಅದನ್ನು ಅಲ್ಲಿನ ಕೋಡಿನಲ್ಲಿ ಹೊಸದಾಗಿಯೇ ಯೋಚಿಸಬೇಕಾಗುತ್ತದೆ. ಪ್ಯಾಚ್ ಹೊಂದದಿದ್ದರೆ ಸ್ಟೇಬಲ್ ನಡೆಸುವವರು ಲೇಖಕರಿಗೆ ಹಾಗೆಂದು ಪತ್ರ ಕಳುಹಿಸುತ್ತಾರೆ. ಉತ್ತರವಾಗಿ ಯಾರೂ ತಿದ್ದಿದ ಪ್ಯಾಚ್ ಕಳುಹಿಸದಿದ್ದರೆ ಆ ಶಾಖೆ ದೋಷದೊಂದಿಗೆ ಮುಂದುವರಿಯುತ್ತದೆ, ಆವೃತ್ತಿಯ ಸಂಖ್ಯೆ ಮಾತ್ರ ವಾರವಾರವೂ ಏರುತ್ತಿರುತ್ತದೆ. ಸಂಖ್ಯೆ ನೋಡಿ ಸಮಾಧಾನಪಡುವ ಬಳಕೆದಾರನಿಗೆ ಈ ಕೊರತೆ ಕಾಣುವುದಿಲ್ಲ. 2024ರ ಫೆಬ್ರುವರಿಯಿಂದ ಕರ್ನೆಲ್ ತಂಡವೇ ಸಿವಿಇ (ಭದ್ರತಾ ದೋಷಗಳ ಗುರುತಿನ) ಸಂಖ್ಯೆಗಳನ್ನು ಕೊಡುತ್ತಿದ್ದು, ದೋಷ ಯಾವ ಆವೃತ್ತಿಯಲ್ಲಿ ಹುಟ್ಟಿತು, ಯಾವ ಶಾಖೆಯಲ್ಲಿ ಎಲ್ಲಿ ಸರಿಯಾಯಿತು ಎಂಬ ವಿವರ ಆ ದಾಖಲೆಗಳಲ್ಲಿ ಸಿಗುತ್ತದೆ. ನನ್ನ ಮಟ್ಟಿಗೆ ಇದು ಸೇವೆಗೆ ಈಚೆಗೆ ಸೇರಿದ ಅತ್ಯುಪಯುಕ್ತ ಭಾಗ.

ಹೊಸ ಸೌಲಭ್ಯಗಳು ಇಲ್ಲಿ ಸಿಗುವುದಿಲ್ಲ, ಸಿಗಲೂಬಾರದು. ಯು ಝಾವ್ ಅವರ ಬಹುತಲೆಮಾರಿನ ಎಲ್‌ಆರ್‌ಯು (ಯಾವ ಪುಟಗಳನ್ನು ಹಿಂಪಡೆಯಬೇಕೆಂದು ಆರಿಸುವ ವಿಧಾನ) 6.1ರಲ್ಲಿ ಬಂತು, 5.15ರ ಎಲ್‌ಟಿಎಸ್‌ಗೆ ಇಳಿಯಲಿಲ್ಲ. ಅದು ಬೇಕೆನಿಸಿದ ಗೂಗಲ್, ಆಂಡ್ರಾಯ್ಡ್‌ನ ತನ್ನ ಶಾಖೆಗಳಿಗೆ ತಾನೇ ತಂದುಕೊಂಡಿತು. ರೆಡ್ ಹ್ಯಾಟ್ ಕೂಡ ತನ್ನ 4.18 ಮತ್ತು 5.14 ಕರ್ನೆಲ್‌ಗಳಿಗೆ ಹೊಸ ಕೆಲಸವನ್ನು ಧಾರಾಳವಾಗಿ ತುಂಬುತ್ತದೆ. ಅದು ಬೇರೆ ಬಗೆಯ ಸೇವೆ, ಬೇರೆ ಬಗೆಯ ಪರೀಕ್ಷಾ ಸಾಮರ್ಥ್ಯವನ್ನು ಬೇಡುತ್ತದೆ.

ಹಾಗಾದರೆ ಯಾವ ಶಾಖೆ? ಹೊಸದೆಲ್ಲ ಹೆಚ್ಚು ಸುರಕ್ಷಿತ ಎನ್ನುವಂತಿಲ್ಲ. ಸ್ಟ್ಯಾಕ್‌ರಾಟ್ 5.15ನ್ನು ಮುಟ್ಟಲಿಲ್ಲ, ಪ್ರತಿ ವಿಎಂಎ ಲಾಕ್‌ನ ದೋಷದಿಂದ ಫೋರ್ಕ್ ಮಾಡುವ (ತಮ್ಮದೇ ಪ್ರತಿ ಹುಟ್ಟಿಸುವ) ಬಹುಥ್ರೆಡ್ ಪ್ರೋಗ್ರಾಂಗಳ ಮೆಮೊರಿ ಕೆಟ್ಟದ್ದು 6.4ರ ಮೊದಲ ವಾರಗಳಲ್ಲಿ ಅದನ್ನು ಹಾಕಿಕೊಂಡವರಿಗೆ ಮಾತ್ರ. ನನ್ನ ಸಲಹೆಯೆಂದರೆ, ಎಲ್‌ಟಿಎಸ್ ಎಂದು ಘೋಷಣೆಯಾಗಿ ಕೆಲವು ತಿಂಗಳು ಕಳೆದ ಅತ್ಯಂತ ಹೊಸ ಶಾಖೆಯನ್ನು ಆರಿಸಿಕೊಳ್ಳಿ, ಮತ್ತು ಅದಕ್ಕೆ ಬರುವ ಪ್ರತಿ ಆವೃತ್ತಿಯನ್ನೂ ಪೂರ್ತಿಯಾಗಿ ತೆಗೆದುಕೊಳ್ಳಿ. ಪಟ್ಟಿಯಿಂದ ಬೇಕಾದ ಮೆಮೊರಿ ಪ್ಯಾಚ್‌ಗಳನ್ನಷ್ಟೇ ಹೆಕ್ಕಿಕೊಳ್ಳುವುದು ಜಾಣತನದಂತೆ ಕಂಡರೂ, ಒಂದು ಪ್ಯಾಚ್ ಇನ್ನೊಂದನ್ನು ನೆಚ್ಚಿಕೊಂಡಿರುವುದು ಈ ವಿಭಾಗದಲ್ಲಿ ಸಾಮಾನ್ಯವಾದ್ದರಿಂದ, ಸೇವೆಯ ಪರೀಕ್ಷೆಯ ಲಾಭವೆಲ್ಲ ಅಲ್ಲಿಗೆ ತಪ್ಪಿಹೋಗುತ್ತದೆ. ಎಲ್‌ಟಿಎಸ್ ಅವಧಿಯನ್ನು ಆರು ವರ್ಷಗಳಿಂದ ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದಾಗ ಹಲವರಿಗೆ ಅಸಮಾಧಾನವಾಯಿತು. ಬಳಸುವವರು ಕಡಿಮೆಯಿರುವ ಶಾಖೆಯಲ್ಲಿ ಮೆಮೊರಿ ಪರಿಹಾರಗಳನ್ನು ಆರು ವರ್ಷ ಸರಿಯಾಗಿ ಮರುಬರೆಯುವವರು ಯಾರು ಎಂದು ಕೇಳಿಕೊಂಡರೆ ಆ ನಿರ್ಧಾರ ಪ್ರಾಮಾಣಿಕವಾದುದೆಂದೇ ನನಗೆ ತೋರುತ್ತದೆ.

ಹಳೆಯ ಶಾಖೆಯನ್ನು ಬಿಡಲಾಗದವರೂ ಇದ್ದಾರೆ. ಚಿಪ್, ಫೋನ್ ಮತ್ತು ನೆಟ್‌ವರ್ಕ್ ಸಾಧನಗಳ ಕೆಲಸದಲ್ಲಿರುವ ಬೆಂಗಳೂರಿನ ಅನೇಕ ಎಂಜಿನಿಯರ್‌ಗಳ ಸ್ಥಿತಿ ಇದೇ. ಅವರು ತಮ್ಮ ಕಂಪನಿಯ ಖಾಸಗಿ ಶಾಖೆಯಲ್ಲಿ ಮಾಡಿಕೊಳ್ಳುವ ಮೆಮೊರಿ ಬ್ಯಾಕ್‌ಪೋರ್ಟ್‌ಗಳು ಸ್ಟೇಬಲ್‌ಗೂ ಬೇಕಾದವೇ ಆಗಿರುತ್ತವೆ. ‘ಹೊಂದಲಿಲ್ಲ’ ಎಂಬ ಪತ್ರಕ್ಕೆ ಉತ್ತರವಾಗಿ, ಮೂಲ ಕಮಿಟ್‌ನ ಗುರುತು, ಯಾವ ಶಾಖೆಗೆ ಎಂಬ ಸೂಚನೆ, ಎಲ್ಲಿ ಏಕೆ ತಿದ್ದಬೇಕಾಯಿತು ಎಂಬ ಎರಡು ಸಾಲಿನ ವಿವರಣೆ ಮತ್ತು ತಮ್ಮ ಸಹಿಯೊಂದಿಗೆ ಪ್ಯಾಚ್ ಕಳುಹಿಸಿದರೆ, ಮೆಮೊರಿ ವಿಭಾಗದವರು ಅದನ್ನು ನೋಡಿ ಅಭಿಪ್ರಾಯ ಹೇಳಲು ಮತ್ತು ಗ್ರೆಗ್ ಅಥವಾ ಸಾಶಾ ಅದನ್ನು ಮುಂದಿನ ಆವೃತ್ತಿಯ ಸಾಲಿಗೆ ಸೇರಿಸಲು ಅಷ್ಟು ಸಾಕು.