ಸ್ಕ್ರೀನರ್: ಷೇರು ಸೋಸುವ ಮುನ್ನ ಉದ್ದೇಶ ಕೇಳುವ ತಾಣ

ಷೇರು ಆಯ್ಕೆಯ ಕುರಿತು ಅಂತರ್ಜಾಲದಲ್ಲಿ ನಡೆಯುವ ವಾದಗಳು ಬಹುಮಟ್ಟಿಗೆ ಒಂದೇ ಕಾರಣಕ್ಕೆ ಬಗೆಹರಿಯದೆ ಉಳಿಯುತ್ತವೆ. ವರ್ಷಕ್ಕೊಮ್ಮೆ ಕೈಗೆ ಡಿವಿಡೆಂಡ್ (ಕಂಪನಿ ಹಂಚುವ ಲಾಭಾಂಶ) ಬಂದರೆ ಸಾಕೆನ್ನುವ ನಿವೃತ್ತ ನೌಕರರು, ಹದಿನೈದು ವರ್ಷ ಹಣ ಮುಟ್ಟದೆ ಬೆಳೆಸಬೇಕೆನ್ನುವ ಯುವಕರು, ಮುಂದಿನ ತ್ರೈಮಾಸಿಕ ಫಲಿತಾಂಶದೊಳಗೆ ಲಾಭ ಮಾಡಿ ಹೊರಬರಬೇಕೆನ್ನುವವರು, ಎಲ್ಲರೂ ಒಂದೇ ಕಂಪನಿಯ ಹೆಸರು ಹಿಡಿದು ಜಗಳವಾಡುತ್ತಾರೆ. ತಾವು ಯಾವುದಕ್ಕಾಗಿ ಹಣ ಹಾಕುತ್ತಿದ್ದೇವೆಂದು ಮೊದಲೇ ಹೇಳಿಕೊಳ್ಳುವವರು ಬಲು ವಿರಳ. ನಾವು ಬರೆದ ಅಂಕಿಗಳ ಷರತ್ತಿಗೆ ಹೊಂದುವ ಕಂಪನಿಗಳನ್ನು ಸೋಸಿ ಕೊಡುವ ಸ್ಕ್ರೀನರ್ ಡಾಟ್ ಇನ್ ಎಂಬ ತಾಣವನ್ನು ನಾನು ಮೆಚ್ಚಿಕೊಳ್ಳುವುದು ಮುಖ್ಯವಾಗಿ ಈ ಕಾರಣಕ್ಕೆ: ಅದು ಯಾವ ಷೇರನ್ನೂ ಶಿಫಾರಸು ಮಾಡುವುದಿಲ್ಲ, ನಿಮ್ಮ ಷರತ್ತು ಏನೆಂದು ಕೇಳುತ್ತದೆ, ಮತ್ತು ಉದ್ದೇಶ ಸ್ಪಷ್ಟವಿಲ್ಲದವರಿಗೆ ಷರತ್ತು ಬರೆಯಲು ಬರುವುದಿಲ್ಲ.

ಉಚಿತ ಖಾತೆಯಲ್ಲೇ ದೊರೆಯುವ ಕಂಪನಿ ಪುಟದಿಂದ ಆರಂಭಿಸೋಣ. ಮೇಲ್ಭಾಗದಲ್ಲಿ ಮಾರುಕಟ್ಟೆ ಮೌಲ್ಯ, ಪಿಇ (ಷೇರಿನ ಬೆಲೆ ಪ್ರತಿ ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು), ಪುಸ್ತಕ ಮೌಲ್ಯ (ಹೊಣೆ ಕಳೆದು ಪ್ರತಿ ಷೇರಿಗೆ ಉಳಿಯುವ ಆಸ್ತಿ), ಡಿವಿಡೆಂಡ್ ಯೀಲ್ಡ್ (ಬೆಲೆಯ ಶೇಕಡಾವಾರು ಡಿವಿಡೆಂಡ್), ಆರ್‌ಒಸಿಇ (ಸಾಲವೂ ಸೇರಿ ತೊಡಗಿಸಿದ ಬಂಡವಾಳದ ಮೇಲಿನ ಗಳಿಕೆಯ ದರ). ಕೆಳಗೆ ಹತ್ತಕ್ಕೂ ಹೆಚ್ಚು ವರ್ಷಗಳ ಲಾಭನಷ್ಟ ತಃಖ್ತೆ, ಆಸ್ತಿ ಹೊಣೆ ಪಟ್ಟಿ, ನಗದು ಹರಿವು ಮತ್ತು ಷೇರುದಾರಿಕೆಯ ವಿವರ. ಸಾಲಕ್ಕೆ ಕೊಂಡ ಗ್ರಾಹಕರಿಂದ ಹಣ ಬರಲು ಎಷ್ಟು ದಿನ ಹಿಡಿಯುತ್ತಿದೆ ಎಂಬ ಸಾಲನ್ನು ಎಡದಿಂದ ಬಲಕ್ಕೆ ಓದಿಕೊಂಡು ಹೋದರೆ, ಮಾರಾಟ ಏರುತ್ತಿದೆ ಎಂಬ ಜಾಹೀರಾತಿನ ಹಿಂದೆ ವಸೂಲಿ ಹೇಗೆ ಸಡಿಲವಾಗುತ್ತಿದೆ ಎಂಬುದು ಅರ್ಧ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಅಂಕಿಗಳ ಜೊತೆಗೆ ಯಂತ್ರವೇ ಬರೆದಿಟ್ಟ ಗುಣದೋಷಗಳ ಪಟ್ಟಿಯೂ ಇದೆ. ಅದನ್ನು ಓದದಿದ್ದರೆ ನಷ್ಟವೇನಿಲ್ಲ.

ನಿಜವಾದ ಶಕ್ತಿ ಇರುವುದು ಷರತ್ತು ಬರೆಯುವ ಪೆಟ್ಟಿಗೆಯಲ್ಲಿ. ಮೌಲ್ಯ ನೋಡಿ ಹೂಡುವ ಪದ್ಧತಿಯ ಗುರು ಬೆಂಜಮಿನ್ ಗ್ರಹಾಂ ಹಾಕಿಕೊಟ್ಟ ಅಳತೆಯಂತೆ ಪಿಇ ಮತ್ತು ಬೆಲೆ-ಪುಸ್ತಕ ಮೌಲ್ಯ ಅನುಪಾತಗಳ ಗುಣಲಬ್ಧ 22.5 ದಾಟಬಾರದು ಎಂದು ಬರೆದರೆ ಅಗ್ಗದ ಷೇರುಗಳ ಪಟ್ಟಿ ಬರುತ್ತದೆ. ಕೊಂಡದ್ದನ್ನು ಮುಟ್ಟದೆ ಇಡಬೇಕೆಂದು ಅಮೆರಿಕದ ಹೂಡಿಕೆ ನಿರ್ವಾಹಕ ರಾಬರ್ಟ್ ಕರ್ಬಿ 1984ರಲ್ಲಿ ಬರೆದ ‘ಕಾಫಿ ಕ್ಯಾನ್’ ವಿಧಾನದ ಭಾರತೀಯ ರೂಪವನ್ನು ಅನುಸರಿಸುವವರು, ಹತ್ತು ವರ್ಷಗಳ ಉದ್ದಕ್ಕೂ ಪ್ರತಿ ವರ್ಷ ಶೇ 10ರಷ್ಟು ಮಾರಾಟ ಬೆಳವಣಿಗೆ ಮತ್ತು ಶೇ 15ರಷ್ಟು ಆರ್‌ಒಸಿಇ ಇರಬೇಕೆನ್ನುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹೆಚ್ಚಿನವರು ಈ ತಾಣದಲ್ಲಿ ಬರೆಯುವುದು ಹತ್ತು ವರ್ಷಗಳ ಸರಾಸರಿಯ ಷರತ್ತನ್ನು. ಎರಡು ಅಮೋಘ ವರ್ಷಗಳು ನಾಲ್ಕು ಸೊರಗಿದ ವರ್ಷಗಳನ್ನು ಮುಚ್ಚಿಹಾಕುವುದಕ್ಕೆ ಸರಾಸರಿಯೊಂದು ಸಾಕು. ಹಾಗಾಗಿ ಪಟ್ಟಿ ಬಂದ ಮೇಲೆ ಪ್ರತಿ ಕಂಪನಿಯ ಪುಟಕ್ಕೆ ಹೋಗಿ ವರ್ಷವಾರು ನೋಡುವ ಶ್ರಮ ತಪ್ಪಿದ್ದಲ್ಲ.

ಅಗ್ಗದ ಪಟ್ಟಿಯ ಅಪಾಯ ಇನ್ನೂ ದೊಡ್ಡದು. ಟಾಟಾ ಸ್ಟೀಲ್ 2021-22ರಲ್ಲಿ 40 ಸಾವಿರ ಕೋಟಿ ರೂಪಾಯಿ ಮೀರಿದ ಲಾಭ ಗಳಿಸಿದಾಗ ಅದರ ಪಿಇ ನಾಲ್ಕರ ಆಸುಪಾಸಿಗೆ ಇಳಿದು, ಯಾವ ಸೋಸುಪಟ್ಟಿಗೆ ಹಾಕಿದರೂ ಮೇಲ್ಸಾಲಿನಲ್ಲೇ ಕಾಣುವಂತಿತ್ತು. ಮರುವರ್ಷ ಲಾಭ 8 ಸಾವಿರ ಕೋಟಿಯ ಆಸುಪಾಸಿಗೆ ಕುಸಿಯಿತು; ಅದರ ಮರುವರ್ಷ ನಷ್ಟವೇ ಆಯಿತು. ಉಕ್ಕು, ಸಕ್ಕರೆಯಂತಹ ಏರಿಳಿತದ ಉದ್ಯಮಗಳಲ್ಲಿ ಕಡಿಮೆ ಪಿಇ ಎಂದರೆ ಲಾಭ ಶಿಖರ ಮುಟ್ಟಿದೆ ಎಂದೇ ಅನೇಕ ಸಲ ತಿಳಿಯಬೇಕು. ಆ ವಿವೇಚನೆ ಸೂತ್ರದೊಳಗೆ ಕೂರುವುದಿಲ್ಲ, ಮತ್ತು ಸ್ಕ್ರೀನರ್ ಇಂದಿನ ಅಂಕಿಗಳನ್ನಷ್ಟೇ ಸೋಸುವುದರಿಂದ, ಇದೇ ಷರತ್ತು ಐದು ವರ್ಷಗಳ ಹಿಂದೆ ಯಾರನ್ನು ಆರಿಸುತ್ತಿತ್ತು ಎಂದು ಪರೀಕ್ಷಿಸಲು ಬರುವುದಿಲ್ಲ.

ಬ್ಯಾಂಕುಗಳಿಗೆ ಆರ್‌ಒಸಿಇ ಅನ್ವಯಿಸುವುದು ಅರ್ಥಹೀನ, ಏಕೆಂದರೆ ಅವುಗಳಿಗೆ ಸಾಲವೇ ಕಚ್ಚಾವಸ್ತು. ಕರಾವಳಿಯ ಅನೇಕ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದಿರುವ ಕರ್ನಾಟಕ ಬ್ಯಾಂಕ್ ಷೇರು ವರ್ಷಗಟ್ಟಲೆ ಪುಸ್ತಕ ಮೌಲ್ಯಕ್ಕಿಂತ ಕೆಳಗೇ ವಹಿವಾಟು ನಡೆಸಿತು. ಅಗ್ಗ ಎಂಬ ಒಂದೇ ಷರತ್ತಿನವರಿಗೆ ಅದು ಅಷ್ಟೂ ವರ್ಷ ಪಟ್ಟಿಯಲ್ಲಿ ಸಿಗುತ್ತಿತ್ತು. ಡಿವಿಡೆಂಡ್‌ಗಾಗಿ ಇಟ್ಟುಕೊಂಡ ಮನೆಯವರಿಗೆ ಅದರಿಂದ ಬೇಸರವಿರಲಿಲ್ಲ, ಬೆಲೆ ಏರಲೆಂದು ಕೊಂಡವರಿಗೆ ಇತ್ತು. ಇಬ್ಬರೂ ಸರಿ. ಬ್ಯಾಂಕುಗಳ ಪುಟದಲ್ಲಿ ಒಟ್ಟು ಮತ್ತು ನಿವ್ವಳ ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಸಾಲುಗಳನ್ನು ತೋರಿಸಿರುವುದು ಮಾತ್ರ ಈ ತಾಣದ ಒಳ್ಳೆಯ ಕೆಲಸ.

ಡಿವಿಡೆಂಡ್ ಬಯಸುವವರು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪಡೆಯುವವರ ಆದಾಯಕ್ಕೆ ಸೇರಿ ಅವರವರ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಪುಟದಲ್ಲಿ ಶೇ 5 ಎಂದು ಕಾಣುವುದು ಶೇ 30ರ ಹಂತದಲ್ಲಿರುವವರ ಕೈಸೇರುವಾಗ ಶೇ 3.5 ಅಥವಾ ಅದಕ್ಕಿಂತ ತುಸು ಕಡಿಮೆ. ಒಂದೇ ಸಲದ ವಿಶೇಷ ಡಿವಿಡೆಂಡ್‌ನಿಂದ ಉಬ್ಬಿದ ಯೀಲ್ಡ್ ಅನ್ನು ಗುರುತಿಸುವ ಹೊಣೆಯೂ ಓದುವವರದೇ.

ಮತ್ತೆ, ಲೆಕ್ಕಪತ್ರವೇ ಸುಳ್ಳಾಗಿದ್ದರೆ ಯಾವ ಸೋಸಣೆಯೂ ನಿಲ್ಲುವುದಿಲ್ಲ. 2009ರ ಜನವರಿಯಲ್ಲಿ ಸಾಫ್ಟ್‌ವೇರ್ ಕಂಪನಿ ಸತ್ಯಂನ ಸ್ಥಾಪಕ ರಾಮಲಿಂಗ ರಾಜು ಒಪ್ಪಿಕೊಂಡ ಪ್ರಕಾರ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಸಾಲವಿಲ್ಲದ, ನಗದು ತುಂಬಿದ ಕಂಪನಿ ಬೇಕೆಂಬ ಷರತ್ತಿಗೆ ಅಂದು ಅದಕ್ಕಿಂತ ಅಚ್ಚುಕಟ್ಟಾದ ಉತ್ತರ ಬೇರೆ ಬೇಕಿರಲಿಲ್ಲ. ಈ ದೃಷ್ಟಿಯಿಂದ ನನಗೆ ಅಂಕಿಗಳಿಗಿಂತ ಪುಟದ ತಳದಲ್ಲಿರುವ ದಾಖಲೆಗಳ ವಿಭಾಗವೇ ಹೆಚ್ಚು ಬೆಲೆಬಾಳುವುದಾಗಿ ಕಾಣುತ್ತದೆ: ವಾರ್ಷಿಕ ವರದಿಗಳು, ರೇಟಿಂಗ್ ಸಂಸ್ಥೆಗಳ ಟಿಪ್ಪಣಿಗಳು, ವಿಶ್ಲೇಷಕರೊಂದಿಗೆ ಆಡಳಿತ ಮಂಡಳಿ ನಡೆಸಿದ ಮಾತುಕತೆಯ ಲಿಖಿತ ಪ್ರತಿಗಳು, ಎಲ್ಲವೂ ವರ್ಷವಾರು ಒಂದೆಡೆ ಸಿಗುತ್ತವೆ. ಹಿಂದಿನ ಮೂರು ವರ್ಷಗಳ ಮಾತುಕತೆಯನ್ನು ಸಾಲಾಗಿ ಓದಿದರೆ, ಕೊಟ್ಟ ಭರವಸೆ ಯಾವ ತ್ರೈಮಾಸಿಕದಲ್ಲಿ ಸದ್ದಿಲ್ಲದೆ ಮಾಯವಾಯಿತೆಂದು ತಿಳಿಯುತ್ತದೆ.

ತಾಣ ಪೂರ್ತಿ ಇಂಗ್ಲಿಷಿನಲ್ಲಿದೆ, ಹತ್ತು ವರ್ಷಗಳ ಉದ್ದದ ಪಟ್ಟಿಗಳನ್ನು ಮೊಬೈಲಿನಲ್ಲಿ ಓದುವುದು ಕಷ್ಟ. ಕಂಪ್ಯೂಟರ್ ಇರುವವರು ಅಂಕಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವುದು ಲೇಸು. ನಿತ್ಯ ಕೊಂಡು ಮಾರುವವರಿಗೆ ಇಲ್ಲಿ ಹೆಚ್ಚೇನೂ ಸಿಗದು. ವರ್ಷಕ್ಕೆ ಮೂರು ನಾಲ್ಕು ನಿರ್ಧಾರ ಮಾತ್ರ ಮಾಡುವವರಿಗೆ ಉಚಿತ ಖಾತೆಯೇ ಸಾಕು. ಹಣ ಕೊಡುವ ಯೋಜನೆಯನ್ನು ನೂರಾರು ಕಂಪನಿಗಳ ಮೇಲೆ ಕಣ್ಣಿಡುವವರು ಮಾತ್ರ ಪರಿಶೀಲಿಸಬಹುದು.