ಲೆಕ್ಕಪತ್ರ ಕಚೇರಿಗೆ ಯಾವ ಬ್ಯಾಕಪ್? ಆರು ತಿಂಗಳು ಬಳಸಿ ನೋಡಿದ ಹೋಲಿಕೆ

ದಾವಣಗೆರೆಯಲ್ಲಿರುವ ನಮ್ಮ ತೆರಿಗೆ ಸಲಹಾ ಕಚೇರಿಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಸುಮಾರು 70 ಕಕ್ಷಿದಾರರ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿರುವ ಲೆಕ್ಕಗಳು, ಸ್ಕ್ಯಾನ್ ಮಾಡಿಟ್ಟ ಬಿಲ್ಲುಗಳು, ಸಲ್ಲಿಸಿದ ರಿಟರ್ನುಗಳ ಪ್ರತಿಗಳು ಎಲ್ಲ ಸೇರಿ 60 ಜಿಬಿಯಷ್ಟು ಡೇಟಾ ಇದೆ. ಒಬ್ಬ ಹಾರ್ಡ್‌ವೇರ್ ವ್ಯಾಪಾರಿಯ ಹಿಂದಿನ ಹಣಕಾಸು ವರ್ಷದ ಖರೀದಿ ವೋಚರುಗಳು ಜುಲೈ ತಿಂಗಳಲ್ಲಿ ಯಾರದೋ ಕೈತಪ್ಪಿನಿಂದ ಅಳಿಸಿಹೋಗಿದ್ದವು; ಅದು ನಮ್ಮ ಗಮನಕ್ಕೆ ಬಂದದ್ದು ಡಿಸೆಂಬರಿನಲ್ಲಿ, ವಾರ್ಷಿಕ ರಿಟರ್ನ್ ಆದ ಜಿಎಸ್‌ಟಿಆರ್-9 ತಯಾರಿಸಲು ಕುಳಿತಾಗ. ಬ್ಯಾಕಪ್ ಆಗ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಪ್ರತಿದಿನ ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯುತ್ತಿದ್ದುದರಿಂದ, ಐದು ತಿಂಗಳಿನಿಂದ ಆ ತಪ್ಪನ್ನೇ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆವು. ಬಿಲ್ಲುಗಳನ್ನು ಮತ್ತೆ ತರಿಸಿ, ಮೂರು ದಿನ ಕುಳಿತು ನಮೂದಿಸಬೇಕಾಯಿತು.

ಲೆಕ್ಕಪತ್ರದ ಕೆಲಸದಲ್ಲಿ ತಪ್ಪು ತಡವಾಗಿಯೇ ಬೆಳಕಿಗೆ ಬರುತ್ತದೆ. ಹಾಗಾಗಿ ಆಮೇಲೆ ಆರು ತಿಂಗಳು ನಾಲ್ಕು ವಿಧಾನಗಳನ್ನು ಬಳಸಿ ನೋಡುವಾಗ ನಾನು ಮುಖ್ಯವಾಗಿ ಎರಡೇ ಪ್ರಶ್ನೆ ಕೇಳಿಕೊಂಡೆ: ಎಷ್ಟು ಹಿಂದಿನ ದಿನದ ಲೆಕ್ಕವನ್ನು ತೆಗೆದುಕೊಡಬಲ್ಲದು, ಮತ್ತು ಕಂಪ್ಯೂಟರೇ ಹೋದರೆ ಎಷ್ಟು ಗಂಟೆಯಲ್ಲಿ ಮತ್ತೆ ಕೆಲಸಕ್ಕೆ ಕೂರಬಹುದು.

ಮೊದಲನೆಯದು ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳ ಸರದಿ. ಒಂದು ಕಚೇರಿಯಲ್ಲಿ, ಇನ್ನೊಂದು ಮನೆಯಲ್ಲಿ, ಶನಿವಾರಕ್ಕೊಮ್ಮೆ ಅದಲು ಬದಲು. ಪೂರ್ತಿ ಡೇಟಾ ಮರಳಿ ಪಡೆಯಲು 40 ನಿಮಿಷ ಸಾಕಾಯಿತು; ಇಷ್ಟು ವೇಗ ಬೇರೆ ಯಾವುದರಲ್ಲೂ ಅಷ್ಟು ಸುಲಭವಾಗಿ ಸಿಗಲಿಲ್ಲ. ದಿನಾಂಕ ಹಾಕಿದ ಫೋಲ್ಡರುಗಳಲ್ಲಿ ಇಟ್ಟರೆ ಹಿಂದಿನ ತಿಂಗಳುಗಳೂ ಉಳಿಯುತ್ತವೆ. ಆದರೆ ಇದು ಪೂರ್ತಿ ಮನುಷ್ಯನ ನೆನಪಿನ ಮೇಲೆ ನಿಂತಿದೆ. ಜುಲೈ 31ರ ಆದಾಯ ತೆರಿಗೆ ಗಡುವಿನ ಗಡಿಬಿಡಿಯಲ್ಲಿ ಮೂರು ವಾರ ಡಿಸ್ಕ್ ಬದಲಾಗಲೇ ಇಲ್ಲ. ಕೆಲಸ ಅತಿ ಹೆಚ್ಚಿದ್ದ ವಾರಗಳೂ ಅವೇ. ಡಿಸ್ಕನ್ನು ಸದಾ ಜೋಡಿಸಿಯೇ ಬಿಟ್ಟರೆ ಮರೆವಿನ ತೊಂದರೆ ತಪ್ಪುತ್ತದೆ ನಿಜ, ಆದರೆ 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈನಂತಹ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಕಂಪ್ಯೂಟರಿನೊಂದಿಗೆ ಆ ಡಿಸ್ಕಿಗೂ ಬೀಗ ಬೀಳುತ್ತದೆ.

ಕಂಪ್ಯೂಟರಿನಲ್ಲಿ ಆದ ಬದಲಾವಣೆಯನ್ನೆಲ್ಲ ಇಂಟರ್ನೆಟ್ಟಿನ ಸಂಗ್ರಹಕ್ಕೂ ಹಾಗೆಯೇ ನಕಲಿಸುವ ಕ್ಲೌಡ್ ಸಿಂಕ್ ಫೋಲ್ಡರನ್ನು ಹಲವರು ಬ್ಯಾಕಪ್ ಎಂದೇ ನಂಬಿದ್ದಾರೆ. ನಾವು ಬಳಸಿದ ಸೇವೆಯಲ್ಲಿ ಅಳಿಸಿದ ಕಡತ 30 ದಿನ ಮಾತ್ರ ಕಸದಬುಟ್ಟಿಯಲ್ಲಿ ಉಳಿಯುತ್ತಿತ್ತು. ನಮ್ಮ ತಪ್ಪು ಗೊತ್ತಾದದ್ದು ಐದು ತಿಂಗಳ ನಂತರ. ಇದಲ್ಲದೆ ಟ್ಯಾಲಿಯಲ್ಲಿ ಒಂದು ಕಂಪನಿಯ ಲೆಕ್ಕವೆಂದರೆ ಒಂದೇ ಕಡತವಲ್ಲ, ಪರಸ್ಪರ ಹೊಂದಿಕೊಂಡಿರಬೇಕಾದ ಹಲವು ಕಡತಗಳ ಗುಂಪು. ಯಾರೋ ನಮೂದಿಸುತ್ತಿರುವಾಗಲೇ ಅವುಗಳನ್ನು ಒಂದೊಂದಾಗಿ ನಕಲಿಸಿದರೆ ಬೇರೆ ಬೇರೆ ಕ್ಷಣಗಳ ತುಣುಕುಗಳು ಸೇರಿಕೊಳ್ಳುತ್ತವೆ. ಮೂರನೆಯ ವಾರದಲ್ಲಿ ಒಂದು ಕಂಪನಿ ತೆರೆಯದೆ ಹೋದಾಗ ಈ ದಾರಿಯನ್ನು ಕೈಬಿಟ್ಟೆವು.

ಎರಡು ಡಿಸ್ಕ್‌ಗಳ ನ್ಯಾಸ್ ಪೆಟ್ಟಿಗೆ, ಅಂದರೆ ಕಚೇರಿಯ ಎಲ್ಲ ಕಂಪ್ಯೂಟರುಗಳೂ ನೆಟ್‌ವರ್ಕ್ ಮೂಲಕ ಬಳಸುವ ಸಂಗ್ರಹ ಸಾಧನ, ಉಳಿದವುಗಳಿಗಿಂತ ದುಬಾರಿ, ಜೊತೆಗೆ ಯುಪಿಎಸ್ ಕೂಡ ಬೇಕು. ಎರಡೂ ಡಿಸ್ಕಿಗೆ ಒಂದೇ ಡೇಟಾ ಬರೆಯುವ ರೇಡ್ 1 ಇರುವುದರಿಂದ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದು, ಆದರೆ ಒಂದು ಡಿಸ್ಕಿನಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುವುದರಿಂದ ಅಷ್ಟನ್ನೇ ಬ್ಯಾಕಪ್ ಎನ್ನಲಾಗದು. ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಯಾ ಹೊತ್ತಿನ ಕಡತಗಳ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್: ನಿನ್ನೆಯ ಒಂದು ಕಡತವನ್ನು ನಮ್ಮ ಸಹಾಯಕಿ ಯಾರನ್ನೂ ಕೇಳದೆ ಎರಡು ನಿಮಿಷದಲ್ಲಿ ತೆಗೆದುಕೊಂಡರು. ಅದು ನನಗೆ ತುಂಬ ಹಿಡಿಸಿತು. ಆದರೂ ಪೆಟ್ಟಿಗೆ ಅದೇ ಕೋಣೆಯಲ್ಲಿದೆ. ಬೆಂಕಿಯೋ ಕಳ್ಳತನವೋ ಆದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ಕೊನೆಯದು ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಗೂಢಲಿಪೀಕರಿಸಿದ ಕ್ಲೌಡ್ ಬ್ಯಾಕಪ್. ಇದಕ್ಕೆ ರೆಸ್ಟಿಕ್ ಎಂಬ ಉಚಿತ ತಂತ್ರಾಂಶವನ್ನೂ ಮುಂಬೈ ಡೇಟಾ ಕೇಂದ್ರದಲ್ಲಿ ಬಾಡಿಗೆಗೆ ಪಡೆದ ಸಂಗ್ರಹವನ್ನೂ ಬಳಸಿದೆವು. ಮುಂಬೈಯನ್ನೇ ಆರಿಸಲು ಕಾರಣವಿತ್ತು: ನಮ್ಮ ಕೆಲವು ಕಕ್ಷಿದಾರರು ಪ್ರೈವೇಟ್ ಲಿಮಿಟೆಡ್ ಕಂಪನಿಗಳು, ಮತ್ತು ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿಯ ಪ್ರಕಾರ ಕಂಪನಿಯ ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇರಬೇಕು. 20 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ 60 ಜಿಬಿ ಏರಿಸಲು ಲೆಕ್ಕದ ಪ್ರಕಾರ ಏಳು ಗಂಟೆಯೊಳಗೆ ಸಾಕು. ನಮಗೆ ಎರಡು ರಾತ್ರಿ ಹಿಡಿಯಿತು. ಆಮೇಲೆ ಬದಲಾದ ಭಾಗ ಮಾತ್ರ ಹೋಗುವುದರಿಂದ ರಾತ್ರಿಗೆ ಹದಿನೈದು ನಿಮಿಷ. ಹಾಗಾಗಿ ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳುವುದೂ ಅಗ್ಗ: ದಿನಕ್ಕೊಂದರಂತೆ 30 ದಿನದವು, ತಿಂಗಳಿಗೊಂದರಂತೆ 24 ತಿಂಗಳಿನವು, ವರ್ಷಕ್ಕೊಂದರಂತೆ 8 ವರ್ಷದವು. ಜಿಎಸ್‌ಟಿ ಕಾಯ್ದೆಯ ಕಲಂ 36 ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕ ಉಳಿಸಬೇಕೆನ್ನುತ್ತದೆ, ಕಂಪನಿ ಕಾಯ್ದೆ 8 ವರ್ಷ ಕೇಳುತ್ತದೆ. ಆ ಎಂಟು ಬಂದದ್ದು ಅಲ್ಲಿಂದ.

ಕಷ್ಟಗಳೂ ಇವೆ. ಪೂರ್ತಿ ಡೇಟಾ ಇಳಿಸಿಕೊಳ್ಳಲು ಸುಮಾರು ನಾಲ್ಕು ಗಂಟೆ ಬೇಕಾಯಿತು. ಕಮಾಂಡ್ ಬರೆದು ಹೊಂದಿಸಬೇಕಾದುದರಿಂದ ಅಕ್ಕನ ಮಗನ ನೆರವು ಪಡೆದೆ. ಪಾಸ್‌ವರ್ಡ್ ಕಳೆದುಹೋದರೆ ಯಾರಿಂದಲೂ ತೆರೆಯಲಾಗದು, ಆದ್ದರಿಂದ ಅದನ್ನು ಕಾಗದದಲ್ಲಿ ಬರೆದು ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇನೆ.

ನಮ್ಮ ಕಚೇರಿಗೆ ಈ ಕೊನೆಯ ವಿಧಾನವನ್ನೇ ಮುಖ್ಯವಾಗಿಟ್ಟು, ವೇಗಕ್ಕಾಗಿ ಹಾರ್ಡ್ ಡಿಸ್ಕ್ ಸರದಿಯನ್ನೂ ಉಳಿಸಿಕೊಂಡೆ. ಮದುವೆ ಫೋಟೋ, ವಿಡಿಯೋಗಳ ಸ್ಟುಡಿಯೋ ನಡೆಸುವವರಾದರೆ ನ್ಯಾಸ್ ಕೊಳ್ಳುವುದೇ ಸರಿ. ದಿನಕ್ಕೆ ನೂರಾರು ಜಿಬಿಯನ್ನು ನಮ್ಮ ಊರಿನ ಇಂಟರ್ನೆಟ್ಟಿನಲ್ಲಿ ಮೇಲೇರಿಸುವುದು ಆಗದ ಮಾತು. ಸಂಜೆ ಕೆಲಸ ಮುಗಿಸುವಾಗ ಎಲ್ಲರೂ ಟ್ಯಾಲಿ ಮುಚ್ಚಿ, ಅದರದೇ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆದ ಮೇಲೆಯೇ ರಾತ್ರಿಯ ಏರಿಕೆ ಆರಂಭವಾಗುತ್ತದೆ. ತಿಂಗಳ ಮೊದಲ ಶನಿವಾರ ಯಾವುದಾದರೂ ಒಬ್ಬ ಕಕ್ಷಿದಾರನ ಆರು ತಿಂಗಳ ಹಿಂದಿನ ಲೆಕ್ಕವನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ, ತೆರೆದು, ಅದರ ಟ್ರಯಲ್ ಬ್ಯಾಲೆನ್ಸನ್ನು (ಎಲ್ಲ ಖಾತೆಗಳ ಬಾಕಿಗಳ ಪಟ್ಟಿ) ಅಂದು ಮುದ್ರಿಸಿಟ್ಟ ಪ್ರತಿಯೊಂದಿಗೆ ತಾಳೆ ನೋಡುತ್ತೇವೆ.